ಸಿನಿಮಾದಲ್ಲಿ ತೋರಿಸುತ್ತಾರಲ್ಲ, ನೀವೂ ಹಾಗೆಯೇ?

ಕಳೆದ ತಿಂಗಳು ಸುಂಟಿಕೊಪ್ಪದ ಸಂತೆಯಲ್ಲಿ ಹಸಿಮೆಣಸು ಆರಿಸುತ್ತಿದ್ದಾಗ ಪರಿಚಯದ ಮೇಷ್ಟ್ರೊಬ್ಬರು ಕೇಳಿದರು. ಅದಕ್ಕೂ ಮೊದಲು ಗೋಣಿಕೊಪ್ಪಲಿನ ಮದುವೆಯೊಂದರಲ್ಲಿ ದೂರದ ಅತ್ತೆ ಕೇಳಿದ್ದರು. ನಮ್ಮ ಪಕ್ಕದ ತೋಟದ ಹೋಂಸ್ಟೇಗೆ ಬಂದಿದ್ದ ಬೆಂಗಳೂರಿನ ದಂಪತಿ, ನನ್ನ ಹೆಸರನ್ನೂ ಸರಿಯಾಗಿ ಕೇಳಿಸಿಕೊಳ್ಳದವರು, ಅವರೂ ಕೇಳಿದರು. ನನಗೆ ಆಟಿಸಂ, ಅಂದರೆ ಹುಟ್ಟಿನಿಂದಲೇ ಬೇರೆ ರೀತಿಯ ಮೆದುಳು, ಇದೆ ಎಂದು ಗೊತ್ತಾದ ಎರಡನೆಯ ನಿಮಿಷಕ್ಕೆ ಬರುವ ಪ್ರಶ್ನೆ ಇದು: “ಸಿನಿಮಾದಲ್ಲಿ ತೋರಿಸುತ್ತಾರಲ್ಲ, ನೀವೂ ಹಾಗೆಯೇ?”

ಕೆಲವರು ಅಲ್ಲಿಗೇ ಬಿಡದೆ ಪರೀಕ್ಷೆಯನ್ನೂ ಇಡುತ್ತಾರೆ. “347ನ್ನು 86ರಿಂದ ಗುಣಿಸಿ ಹೇಳಿ ನೋಡೋಣ.” ನಾನು ಕಾಫಿ ತೋಟದ ಲೆಕ್ಕ ಬರೆಯುವವಳು. ಆಳುಗಳ ಹಾಜರಿ, ಗೊಬ್ಬರದ ಬಿಲ್ಲು, ಕೊಯ್ಲಿನ ತೂಕ ಎಲ್ಲವನ್ನೂ ಕ್ಯಾಲ್ಕ್ಯುಲೇಟರಿನಲ್ಲಿ ಎರಡೆರಡು ಸಲ ಕೂಡುತ್ತೇನೆ. ಉತ್ತರ 29,842. ಈಗಷ್ಟೇ ಮೊಬೈಲಿನಲ್ಲಿ ನೋಡಿ ಬರೆದೆ.

ಈ ಪ್ರಶ್ನೆಯ ಬೇರು ಇರುವುದು 1988ರ ‘ರೈನ್ ಮ್ಯಾನ್’ ಚಿತ್ರದಲ್ಲಿ. ಡಸ್ಟಿನ್ ಹಾಫ್‌ಮನ್ ಅಭಿನಯಿಸಿದ ರೇಮಂಡ್‌ಗೆ ಆಟಿಸಂ. ಹೋಟೆಲಿನಲ್ಲಿ ಹಲ್ಲುಕಡ್ಡಿಯ ಡಬ್ಬಿ ಬಿದ್ದು ನೆಲದ ತುಂಬ ಚೆಲ್ಲುತ್ತದೆ, ಅವನು ಒಮ್ಮೆ ನೋಡಿ 246 ಎನ್ನುತ್ತಾನೆ. ಡಬ್ಬಿಯಲ್ಲಿದ್ದದ್ದು 250; ನಾಲ್ಕು ಒಳಗೇ ಉಳಿದಿರುತ್ತವೆ. ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು, ಆ ಹಲ್ಲುಕಡ್ಡಿಯ ಡಬ್ಬಿ ಮಾತ್ರ ನಮ್ಮೆಲ್ಲರ ಕೊರಳಿಗೆ ಬಿತ್ತು. ತಮಾಷೆಯೆಂದರೆ, ಚಿತ್ರಕಥೆ ಬರೆದ ಬ್ಯಾರಿ ಮಾರೋ ಅವರಿಗೆ ಈ ಪಾತ್ರ ಹೊಳೆದದ್ದು ಕಿಮ್ ಪೀಕ್ ಎಂಬುವರನ್ನು ಭೇಟಿಯಾದ ಮೇಲೆ. ಪೀಕ್ ಅವರ ಮೆದುಳಿನ ಎಡಬಲಗಳನ್ನು ಜೋಡಿಸುವ ನರತಂತುಗಳ ಸೇತುವೆಯೇ ಹುಟ್ಟಿನಿಂದ ಇರಲಿಲ್ಲ, ನೆನಪಿನ ಶಕ್ತಿ ಮಾತ್ರ ಅಸಾಧಾರಣ. ಅವರಿಗೆ ಇದ್ದದ್ದು ಆಟಿಸಂ ಅಲ್ಲ, ಬೇರೊಂದು ಆನುವಂಶಿಕ ಸ್ಥಿತಿ ಇದ್ದಿರಬೇಕು ಎಂದು ಆಮೇಲೆ ವೈದ್ಯರು ಅಭಿಪ್ರಾಯಪಟ್ಟರು. ಅಂತೂ ನನ್ನನ್ನು ಅಳೆಯಲು ತಂದ ಸೇರು ಯಾರದೋ ಮನೆಯದ್ದು.

2010ರಲ್ಲಿ ‘ಮೈ ನೇಮ್ ಈಸ್ ಖಾನ್’ ಬಂತು. ಶಾರುಖ್ ಖಾನ್ ಕತ್ತು ಓರೆ ಮಾಡಿಕೊಂಡು, ಎದುರಿನವರನ್ನು ಬಿಟ್ಟು ಬೇರೆಲ್ಲೋ ನೋಡುತ್ತ ಮಾತನಾಡಿದರು, ಆಟಿಸಂನ ಒಂದು ಬಗೆಗೆ ಆಗ ಇದ್ದ ಆಸ್ಪರ್ಜರ್ ಎಂಬ ಹೆಸರು ನಮ್ಮ ತೋಟದ ಲೈನ್ ಮನೆಗಳವರೆಗೂ ತಲುಪಿತು. ಮೂರೇ ವರ್ಷಕ್ಕೆ, 2013ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರನ್ನೇ ಕೈಬಿಟ್ಟು ಎಲ್ಲವನ್ನೂ ಆಟಿಸಂ ಎಂಬ ಒಂದೇ ಸೂರಿನ ಕೆಳಗೆ ತಂದಿತು. ಸೂರು ಬದಲಾದದ್ದು ಸಂತೆಗೆ ಇನ್ನೂ ಗೊತ್ತಾಗಿಲ್ಲ.

ಈ ಚಿತ್ರಗಳನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಅವುಗಳಲ್ಲಿ ನಾನು ನನ್ನನ್ನು ಕಂಡಿಲ್ಲ. ನಾವು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತೇವೆ ಎಂಬುದನ್ನು ನಟರು ಬಹಳ ಶ್ರದ್ಧೆಯಿಂದ ಕಲಿತಿದ್ದಾರೆ: ಕತ್ತು, ಕೈ, ಒಂದೇ ದನಿಯ ಮಾತು. ನನ್ನ ಕತ್ತು ಹೇಗೆ ಕಾಣುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನಾನು ಇರುವುದು ಅದರ ಈಚೆಗೆ. ಕನ್ನಡದಲ್ಲಿ ಇದಕ್ಕೆ ಕಟ್ಟಿಕೊಂಡ ‘ಸ್ವಲೀನತೆ’ ಎಂಬ ಪದಕ್ಕೂ ಇದೇ ದೋಷ. ತನ್ನಲ್ಲೇ ಲೀನವಾಗಿರುವುದಂತೆ. ಮದುವೆ ಮನೆಯಲ್ಲಿ ವಾಲಗದ ಸದ್ದು, ನೂರು ಜನರ ಮಾತು, ಪಂದಿಕರಿಯ ವಾಸನೆ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಎಲ್ಲವೂ ಒಟ್ಟಿಗೆ ನನ್ನೊಳಗೆ ನುಗ್ಗುವಾಗ ಲೀನವಾಗಲು ನನ್ನಲ್ಲಿ ಜಾಗವಾದರೂ ಎಲ್ಲಿದೆ?

ಹಾಗೆಂದು ಸಿನಿಮಾ ನನಗೆ ದೂರದ್ದಲ್ಲ. ಮನುಷ್ಯರನ್ನು ನಾನು ಓದಲು ಕಲಿತದ್ದೇ ಅದರಿಂದ. ತೆರೆಯ ಮೇಲಿನ ಮುಖವನ್ನು ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು, ಅದು ಮರಳಿ ನನ್ನನ್ನು ನೋಡುವುದಿಲ್ಲ, ಉತ್ತರ ಕೇಳುವುದಿಲ್ಲ. ಯಾರಿಗಾದರೂ ದುಃಖವಾದರೆ ಪಿಟೀಲು ಹೇಳುತ್ತದೆ. ನಿಜವಾದ ಜನರಿಗೆ ಹಿನ್ನೆಲೆ ಸಂಗೀತ ಇಲ್ಲದಿರುವುದು ಎಷ್ಟು ದೊಡ್ಡ ಅನನುಕೂಲ ಎಂದು ನಿಮಗೆ ಅನಿಸಿರಲಾರದು. ಹನ್ನೆರಡು ವರ್ಷದವಳಿದ್ದಾಗ ಪಕ್ಕದ ಮನೆಯ ಅಜ್ಜ ತೀರಿಕೊಂಡರು. ಅಮ್ಮ ನನ್ನನ್ನೂ ಕರೆದುಕೊಂಡು ಹೋದರು. ಅಳುತ್ತಿದ್ದ ಅವರ ಮಗಳ ಮುಂದೆ ನಿಂತು, ಕೆ.ಎಸ್. ಅಶ್ವತ್ಥ್ ಅವರ ಧಾಟಿಯಲ್ಲಿ, ಅವರದೇ ನಿಧಾನದಲ್ಲಿ, “ಎಲ್ಲ ವಿಧಿಯಾಟ, ಸಮಾಧಾನ ಮಾಡಿಕೋ ತಾಯಿ” ಎಂದೆ. ಆಕೆಗೆ ಆಗ ನಲವತ್ತು ವರ್ಷ. ಅಳುತ್ತಿದ್ದವರು ಒಂದು ಕ್ಷಣ ನಿಲ್ಲಿಸಿ ನನ್ನನ್ನೇ ನೋಡಿದರು. ಅಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದರು. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ: ಧಾಟಿ ಸರಿಯಾಗಿಯೇ ಬಂದಿತ್ತಲ್ಲ.

ನನ್ನಂಥವರು ಸಿನಿಮಾದಲ್ಲಿ ಯಾರಲ್ಲಿ ತಮ್ಮನ್ನು ಕಾಣುತ್ತಾರೆ ಎಂದರೆ, ಬಹುಪಾಲು, ಆಟಿಸಂ ಎಂಬ ಚೀಟಿ ಅಂಟಿಸದ ಪಾತ್ರಗಳಲ್ಲಿ. ಆಟಿಸಂ ಇರುವ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ತಮ್ಮನ್ನು ಕಂಡುಕೊಂಡದ್ದು ‘ಸ್ಟಾರ್ ಟ್ರೆಕ್’ನ ಸ್ಪಾಕ್‌ನಲ್ಲಿ. ಅರ್ಧ ಮನುಷ್ಯ, ಅರ್ಧ ಬೇರೆ ಗ್ರಹದವನು. ಎಲ್ಲರೂ ಭಾವನೆಯಿಂದ ಮಾತನಾಡುವಾಗ ಇವನದು ತರ್ಕ. 1990ರ ‘ಎಡ್ವರ್ಡ್ ಸಿಸರ್‌ಹ್ಯಾಂಡ್ಸ್’ ಇನ್ನೂ ಹಲವರಿಗೆ ಹತ್ತಿರದ್ದು: ಬೆರಳಿನ ಬದಲು ಕತ್ತರಿಗಳಿರುವ ಹುಡುಗ, ಪ್ರೀತಿಯಿಂದ ಮುಟ್ಟಲು ಹೋದರೂ ಗಾಯವಾಗುತ್ತದೆ. ಈ ಕಥೆಗಳನ್ನು ಕಟ್ಟಿದವರು ಆಟಿಸಂನ ಲಕ್ಷಣಪಟ್ಟಿಯನ್ನು ಮುಂದಿಟ್ಟುಕೊಂಡಿರಲಿಲ್ಲ. ಗುಂಪಿನಲ್ಲಿ ಸೇರದವನಿಗೆ ಗುಂಪು ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಯೋಚಿಸಿದ್ದರು. ನಮಗೆ ಬೇಕಾದದ್ದು ಅದೇ ಆಗಿತ್ತು.

ನಮ್ಮ ಭಾಷೆಯದ್ದೇ ಬೇಕೆಂದರೆ 2022ರ ‘777 ಚಾರ್ಲಿ’ಯ ಧರ್ಮ. ಮೈಸೂರಿನಲ್ಲಿ ನೋಡಿದೆ. ಫ್ಯಾಕ್ಟರಿ, ಮನೆ, ಇಡ್ಲಿ, ಟಿವಿಯಲ್ಲಿ ಚಾರ್ಲಿ ಚಾಪ್ಲಿನ್, ಮರುದಿನ ಮತ್ತೆ ಅದೇ. ಈ ಬದುಕು ಎಷ್ಟು ಬರಡು ಎಂದು ತೋರಿಸಲು ನಿರ್ದೇಶಕರು ಇಷ್ಟು ಕಷ್ಟಪಡುತ್ತಿರುವಾಗ ನಾನು ಕುರ್ಚಿಯ ತುದಿಗೆ ಬಂದು ಕುಳಿತು ಅಂದುಕೊಂಡೆ, ಎಂಥ ಅಚ್ಚುಕಟ್ಟಾದ ಬದುಕು! ನನಗೆ ಬೆಳಗ್ಗೆ ಅಕ್ಕಿ ರೊಟ್ಟಿಯೇ ಆಗಬೇಕು. ಪಾಪುಟ್ಟು ಮಾಡಿದ ದಿನ ಮಧ್ಯಾಹ್ನದವರೆಗೆ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ. ಧರ್ಮನ ಒಂಟಿತನಕ್ಕೆ ಚಿತ್ರ ಕೊಡುವ ಕಾರಣ ಬಾಲ್ಯದ ಅಪಘಾತ, ಕಳೆದುಕೊಂಡ ಕುಟುಂಬ. ಅವನು ಬದಲಾಗಲೇಬೇಕು, ಬದಲಾಗುತ್ತಾನೆ. ಕೊನೆಯಲ್ಲಿ ಎಲ್ಲರಂತೆ ನಾನೂ ಅತ್ತೆ, ಆದರೆ ಮೊದಲ ಅರ್ಧ ಗಂಟೆಯ ಧರ್ಮ ಎಲ್ಲಿ ಹೋದನೋ ಎಂದು ಬಸ್ಸಿನಲ್ಲಿ ಕುಶಾಲನಗರದವರೆಗೂ ಯೋಚಿಸುತ್ತಿದ್ದೆ.

ಸಂತೆಯಲ್ಲಿ ನಾನು ಇದನ್ನೆಲ್ಲ ಹೇಳುವ ಮೊದಲೇ ಮೇಷ್ಟ್ರು “ಹೋಗಲಿ, ಒಬ್ಬರ ಹೆಸರು ಹೇಳಮ್ಮ” ಎಂದರು. ಒಬ್ಬರೆಂದರೆ ಕಾವೇರಿ.

ನದಿಯಲ್ಲ, ‘ಶರಪಂಜರ’ದ ಕಾವೇರಿ. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ‘ಕೊಡಗಿನ ಕಾವೇರಿ’ ಹಾಡು ಈ ಚಿತ್ರದ್ದು. ಚಿತ್ರ ನೋಡದವರೂ ನಮ್ಮಲ್ಲಿ ಆ ಹಾಡನ್ನು ಗುನುಗುತ್ತಾರೆ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳ ಕಾಯಿಲೆಗೂ ಆಟಿಸಂಗೂ ಸಂಬಂಧವಿಲ್ಲ. ಅವಳದು ಬಂದು ಹೋದ ಕಾಯಿಲೆ, ನನ್ನದು ಹುಟ್ಟಿನಿಂದ ಬಂದ ಮೆದುಳಿನ ರೀತಿ. ನನ್ನನ್ನು ಹಿಡಿದದ್ದು ಅವಳು ಮನೆಗೆ ಬಂದ ಮೇಲಿನ ಭಾಗ. ವಾಸಿಯಾಗಿದ್ದಾಳೆ ಎಂದು ವೈದ್ಯರು ಹೇಳಿದ್ದಾರೆ, ಆದರೆ ಅವಳು ಏನು ಮಾಡಿದರೂ ಅದರಲ್ಲಿ ಹುಚ್ಚನ್ನು ಹುಡುಕುವ ಕಣ್ಣುಗಳು.

ಆ ಕಣ್ಣುಗಳು ನನಗೆ ಗೊತ್ತು. 31ನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಬ್ಬ ವೈದ್ಯರು ನನಗೆ ಆಟಿಸಂ ಎಂದು ಬರೆದುಕೊಡುವವರೆಗೂ ನಾನು ಕೋಪಿಷ್ಠೆ, ಹಠಮಾರಿ, ಅಹಂಕಾರಿ. ಹೊಗಳಿಕೆಯಲ್ಲ, ಆದರೆ ಅವು ಮನುಷ್ಯರಿಗೆ ಹೇಳುವ ಮಾತುಗಳು. ಈಗ ಗೊಬ್ಬರದ ಲಾರಿಯವನು ಎರಡು ದಿನ ತಡವಾಗಿ ಬಂದು ಬಿಲ್ಲಿನಲ್ಲಿ ಎಂಟು ಮೂಟೆ ಹೆಚ್ಚು ಬರೆದರೂ ನಾನು ಕೂಗಾಡುವ ಹಾಗಿಲ್ಲ. ಕೂಗಾಡಿದೆ. ಮನೆಯವರು ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, “ಬೇಜಾರು ಮಾಡಿಕೊಳ್ಳಬೇಡಿ, ಅವಳಿಗೆ ಆಟಿಸಂ” ಎಂದರು. ಅವನು ನನ್ನ ಕಡೆ ತಿರುಗಿ ತುಂಬ ಮೃದುವಾಗಿ ನಕ್ಕ. ಎಂಟು ಮೂಟೆಯ ಮಾತು ಅಲ್ಲಿಗೇ ಮುಗಿಯಿತು. ನನ್ನ ಕೋಪವೂ ನನ್ನದಲ್ಲ, ರೋಗಲಕ್ಷಣ. ಮದುವೆ ಮನೆಯಲ್ಲಿ ವಾಲಗ ತಡೆಯಲಾರದೆ ಜೀಪುಗಳ ಹಿಂದೆ ಹೋಗಿ ನಿಂತರೆ ಅತ್ತೆಯರು ಸರದಿಯಲ್ಲಿ ಬಂದು ಇಣುಕಿ ಹೋಗುತ್ತಾರೆ. ಮೊದಲೂ ಅಲ್ಲೇ ನಿಲ್ಲುತ್ತಿದ್ದೆ, ಆಗ ಯಾರೂ ಬರುತ್ತಿರಲಿಲ್ಲ.

ಡೇಮಿಯನ್ ಮಿಲ್ಟನ್ ಎಂಬ ಬ್ರಿಟಿಷ್ ಸಂಶೋಧಕರು, ಅವರಿಗೂ ಆಟಿಸಂ ಇದೆ, 2012ರಲ್ಲಿ ಒಂದು ಸರಳ ಮಾತು ಹೇಳಿದರು. ನಮಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಎಂದು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಬೇರೆಯವರಿಗೆ ನಮ್ಮ ಮನಸ್ಸು ತಿಳಿಯುತ್ತದೆಯೇ? ತಿಳಿಯದಿರುವುದು ಎರಡೂ ಕಡೆಯದ್ದು, ದೂರು ಮಾತ್ರ ಒಂದೇ ಕಡೆ ದಾಖಲಾಗುತ್ತದೆ. ‘ಶರಪಂಜರ’ ಅದನ್ನು ನಲವತ್ತೊಂದು ವರ್ಷ ಮೊದಲೇ ಒಂದು ಮನೆಯೊಳಗೆ ತೋರಿಸಿತ್ತು ಎಂಬುದು ನನ್ನ ಅಭಿಪ್ರಾಯ.

ಆ ಚಿತ್ರವನ್ನು ಮೊದಲು ನೋಡಿದ್ದು ಅಜ್ಜಿಯ ಜೊತೆ, ದೂರದರ್ಶನದಲ್ಲಿ, ಕಕ್ಕಡ ತಿಂಗಳ ಮಳೆಯಲ್ಲಿ. ನನಗೆ ಒಂಬತ್ತೋ ಹತ್ತೋ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ, ಅದು ಒಂದೇ ಸಮನೆ ಬೀಳುತ್ತದೆ. ನಿಂತಾಗಲೇ ಕಿವಿ ನೋಯುವುದು. ಟಿವಿಯ ದನಿ ಅರ್ಧ ಕೇಳಿಸುತ್ತಿತ್ತು, ಕಲ್ಪನಾ ಅವರ ಕಣ್ಣು ಪೂರ್ತಿ ಕಾಣಿಸುತ್ತಿತ್ತು. ಕಾವೇರಿ ಮನೆಗೆ ಬಂದು ಎಲ್ಲರ ಮುಖ ನೋಡುತ್ತಿದ್ದಾಳೆ, ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಹೋದ ಕರೆಂಟು ಬರುವುದು ವಾರದ ಮೇಲೆ. ಅಜ್ಜಿ ಚಿಮಣಿ ಹಚ್ಚಿದರು. ಆಮೇಲೆ ಏನಾಗುತ್ತದೆ ಎಂದು ಕೇಳಿದೆ. ಅಜ್ಜಿ ಟಾಕೀಸಿನಲ್ಲಿ ನೋಡಿದವರು.

“ಆಮೇಲೆ ಎಲ್ಲರಿಗೂ ತಿಳಿಯುತ್ತದೆ. ಅವಳು ಮನೆಯಲ್ಲೇ ಇರುತ್ತಾಳೆ. ಮಲಗು” ಎಂದರು.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವವಳು. ಹದಿನೆಂಟು ವರ್ಷ ನಂಬಿದ್ದೆ. ಆಮೇಲೆ ಒಂದು ದಿನ ಯೂಟ್ಯೂಬಿನಲ್ಲಿ ಚಿತ್ರ ಪೂರ್ತಿ ಸಿಕ್ಕಿತು. ಕಾವೇರಿ ಮನೆಯಲ್ಲಿ ಇರುವುದಿಲ್ಲ. ಮನಸ್ಸು ಮತ್ತೆ ಮುರಿದು, ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ರೇಮಂಡ್ ಕೂಡ ರೈಲು ಹತ್ತಿ ತನ್ನ ಆಶ್ರಯಧಾಮಕ್ಕೇ ಮರಳುತ್ತಾನೆ, ಎಡ್ವರ್ಡ್ ಬೆಟ್ಟದ ಮೇಲಿನ ಬಂಗಲೆಗೆ. ಭಿನ್ನವಾದವರನ್ನು ಬಹಳ ಪ್ರೀತಿಯಿಂದ ತೋರಿಸಿ, ಕೊನೆಯಲ್ಲಿ ಎಲ್ಲಿಂದ ತಂದರೋ ಅಲ್ಲಿಗೇ ಬಿಟ್ಟುಬರುತ್ತಾರೆ. ಬಿಡದಿದ್ದರೆ ಧರ್ಮನಂತೆ ರಿಪೇರಿ ಮಾಡುತ್ತಾರೆ. ಅದಕ್ಕೇ 2012ರ ‘ಬರ್ಫಿ’ಯ ಝಿಲ್ಮಿಲ್‌ಗೆ ನನ್ನಲ್ಲಿ ರಿಯಾಯಿತಿ. ಪ್ರಿಯಾಂಕಾ ಚೋಪ್ರಾ ಅಭಿನಯ ನನಗೆ ಸ್ವಲ್ಪ ಅತಿ ಅನಿಸಿತು. ಆದರೆ ಆಟಿಸಂ ಇರುವ ಆ ಹುಡುಗಿ ತನ್ನನ್ನು ಇಷ್ಟಪಟ್ಟವನ ಜೊತೆ ಸಂಸಾರ ಮಾಡಿ, ಮುದುಕಿಯಾಗುವವರೆಗೆ ಬದುಕುತ್ತಾಳೆ. ಯಾರೂ ಅವಳನ್ನು ಸರಿಪಡಿಸುವುದಿಲ್ಲ.

ಚಿತ್ರ ಪೂರ್ತಿ ನೋಡಿದ ದಿನ ಅಜ್ಜಿ ಇರಲಿಲ್ಲ, ತೀರಿಕೊಂಡು ಆರು ವರ್ಷವಾಗಿತ್ತು. ಇದ್ದಿದ್ದರೆ ಜಗಳವಾಡುತ್ತಿದ್ದೆ. ಸುಳ್ಳು ಹೇಳಿದ್ದಕ್ಕೋ, ಅಥವಾ ಚಿಮಣಿಯ ಬೆಳಕಿನಲ್ಲಿ ನನ್ನನ್ನು ನೋಡಿಯೇ ಹಾಗೆ ಹೇಳಿದಿರಾ ಎಂದು ಕೇಳುವುದಕ್ಕೋ, ನನಗೂ ಸ್ಪಷ್ಟವಿಲ್ಲ.

ಮೇಷ್ಟ್ರಿಗೆ ಸಂತೆಯಲ್ಲಿ ಇಷ್ಟೇ ಹೇಳಿದೆ: “ಶರಪಂಜರದ ಕಾವೇರಿಯ ಹಾಗೆ. ಕರೆಂಟು ಹೋಗುವವರೆಗೆ.” ಅವರಿಗೆ ಅರ್ಥವಾಗಲಿಲ್ಲ, ಹಸಿಮೆಣಸಿನವನು ಚಿಲ್ಲರೆ ಕೇಳುತ್ತಿದ್ದ, ಅದಕ್ಕೇ ಉಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.