ಸಂಶೋಧನೆಗೆ ಬಂದವರು ಮತ್ತೆ ತರಗತಿಯಲ್ಲಿ ಕೂರಬೇಕೇ?

ಪಿಎಚ್‌ಡಿಗೆ ಹೆಸರು ನೋಂದಾಯಿಸಿದವರು, ನೋಂದಾಯಿಸೋಣವೇ ಎಂದು ಯೋಚಿಸುತ್ತಿರುವವರು, ಎಷ್ಟೋ ಸಲ ಅವರ ಮನೆಯವರು ಕೂಡ ನನ್ನನ್ನು ಕೇಳುವ ಪ್ರಶ್ನೆ ಇದು: "ಎಂ.ಎ., ಎಂ.ಎಸ್ಸಿ. ಮುಗಿಯುವವರೆಗೂ ತರಗತಿಯಲ್ಲೇ ಕೂತಿದ್ದಾಯಿತು. ಈಗಲಾದರೂ ಸ್ವಂತವಾಗಿ ಏನನ್ನಾದರೂ ಹುಡುಕೋಣ ಎಂದು ಬಂದರೆ ಮತ್ತೆ ಕೋರ್ಸ್‌ವರ್ಕ್, ಮತ್ತೆ ಹಾಜರಿ, ಮತ್ತೆ ಪರೀಕ್ಷೆ. ಇದೆಲ್ಲ ನಿಜಕ್ಕೂ ಬೇಕಾ?"

ಬೇಕು. ಆದರೆ ಆ ಹೆಸರಿನಲ್ಲಿ ಬಹಳ ಕಡೆ ಈಗ ನಡೆಯುತ್ತಿರುವುದು ಬೇಡ. ಎರಡು ಮಾತನ್ನೂ ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಮೊದಲನೆಯದಕ್ಕೆ ಕಾರಣ ನನ್ನದೇ ಮಹಾಪ್ರಬಂಧದಲ್ಲಿದೆ.

ನಾನು ಪಿಎಚ್‌ಡಿ ಮಾಡುವಾಗ ಕೋರ್ಸ್‌ವರ್ಕ್ ಇರಲಿಲ್ಲ. ಗೈಡ್ ಸಿಕ್ಕರು, ವಿಷಯ ಸಿಕ್ಕಿತು, ಕೆಲಸ ಶುರುವಾಯಿತು. ಒಂದು ಬೋಧನಾ ವಿಧಾನದಿಂದ ಮಕ್ಕಳ ಓದುವ ಸಾಮರ್ಥ್ಯ ಹೆಚ್ಚುತ್ತದೆಯೇ ಎಂಬುದು ನನ್ನ ಪ್ರಶ್ನೆ. 20 ಶಾಲೆ ಆರಿಸಿಕೊಂಡೆ. ಹತ್ತರಲ್ಲಿ ಹೊಸ ವಿಧಾನ, ಹತ್ತರಲ್ಲಿ ಹಳೆಯದು. ಒಂದೊಂದು ಶಾಲೆಯಿಂದ 30 ಮಕ್ಕಳಂತೆ ಒಟ್ಟು 600 ಮಕ್ಕಳು. ಎರಡು ವರ್ಷ ಓಡಾಡಿ ದತ್ತಾಂಶ ಕೂಡಿಸಿದೆ, ವಿಶ್ಲೇಷಿಸಿದೆ. ಫಲಿತಾಂಶ ಸ್ಪಷ್ಟವಾಗಿತ್ತು, ಹೊಸ ವಿಧಾನ ಗೆದ್ದಿತ್ತು. ಪ್ರಬಂಧ ಸಲ್ಲಿಸುವುದಕ್ಕೆ ಮುಂಚಿನ ಮಂಡನೆಗೆ ಬೇರೆ ವಿಭಾಗದಿಂದ ಒಬ್ಬ ಸಂಖ್ಯಾಶಾಸ್ತ್ರದ ಅಧ್ಯಾಪಕರು ಬಂದಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದರು: "ನೀವು ಅಧ್ಯಯನ ಮಾಡಿದ್ದು 600 ಮಕ್ಕಳನ್ನೋ, 20 ಶಾಲೆಗಳನ್ನೋ?"

ಉತ್ತರ ಹಾಗಿರಲಿ, ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅವರು ಕೇಳಿದ್ದು ಇಷ್ಟು. ಒಂದೇ ಶಾಲೆಯ ಮಕ್ಕಳಿಗೆ ಕಲಿಸುವವರು ಒಬ್ಬರೇ, ಸೌಲಭ್ಯ ಒಂದೇ, ಸುತ್ತಲಿನ ವಾತಾವರಣವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ. ಅದೇ ಶಾಲೆಯ ಮೂವತ್ತನೆಯ ಮಗು, ಮೊದಲ ಇಪ್ಪತ್ತೊಂಬತ್ತು ಮಕ್ಕಳು ಹೇಳದೆ ಬಿಟ್ಟ ಹೊಸದೇನನ್ನೂ ಹೆಚ್ಚಾಗಿ ಹೇಳುವುದಿಲ್ಲ. ಈ ಹೋಲಿಕೆಯನ್ನು ಅಳೆಯುವ ಒಂದು ಸಂಖ್ಯೆ ಇದೆ, ಸೊನ್ನೆಯಿಂದ ಒಂದರವರೆಗೆ. ನನ್ನ ದತ್ತಾಂಶದಲ್ಲಿ ಅದು 0.2ರ ಆಸುಪಾಸಿನಲ್ಲಿತ್ತು. ಅದನ್ನು ಗುಂಪಿನ ಗಾತ್ರಕ್ಕಿಂತ ಒಂದು ಕಡಿಮೆ, ಅಂದರೆ 29ರಿಂದ ಗುಣಿಸಿ ಒಂದು ಕೂಡಿಸಿದರೆ 6.8. ಅಷ್ಟು ಪಟ್ಟು ನನ್ನ ಮಾದರಿ (ಸ್ಯಾಂಪಲ್) ತೆಳುವಾಗಿತ್ತು. 600ನ್ನು 6.8ರಿಂದ ಭಾಗಿಸಿ ನೋಡಿ, 88 ಬರುತ್ತದೆ. 600 ಮಕ್ಕಳ ಬಲವಿದೆ ಎಂದು ನಂಬಿ ನಾನು ಬರೆದದ್ದಕ್ಕೆಲ್ಲ ಇದ್ದದ್ದು 88 ಮಕ್ಕಳ ಬಲ. ಮತ್ತೆ ಲೆಕ್ಕ ಹಾಕಿದಾಗ ಗೆದ್ದಿದ್ದ ವಿಧಾನ ಗೆದ್ದಿರಲಿಲ್ಲ. ಪ್ರಬಂಧದ ಮೂರು ಅಧ್ಯಾಯ ತಿರುಗಿ ಬರೆಯಲು ಒಂದೂವರೆ ವರ್ಷ ಹಿಡಿಯಿತು.

ಮಾದರಿ ಸಮೀಕ್ಷೆಯ ಯಾವುದೇ ಒಳ್ಳೆಯ ಕೋರ್ಸಿನಲ್ಲಿ ಇದು ಎರಡು ತರಗತಿಯ ಪಾಠ.

"ಬೇಕಾದಾಗ ಓದಿಕೊಂಡರಾಯಿತಲ್ಲ" ಎನ್ನುವವರಿಗೆ ನನ್ನ ಉತ್ತರ ಈ ಘಟನೆಯೇ. ಗೊತ್ತಿಲ್ಲದ್ದನ್ನು ಪುಸ್ತಕದಲ್ಲಿ ಹುಡುಕಬಹುದು. ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲದವರು ಯಾವ ಪುಟ ತೆರೆಯಬೇಕು? ನಾನು ಸೋಮಾರಿಯಾಗಿರಲಿಲ್ಲ, ರಾತ್ರಿಯೆಲ್ಲ ಓದುತ್ತಿದ್ದೆ. ಆದರೆ ನನಗೆ ತಿಳಿದಿದ್ದ ದಿಕ್ಕಿನಲ್ಲಿ ಮಾತ್ರ ಓದುತ್ತಿದ್ದೆ. 1938ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೇಳಿದ್ದು ಇದನ್ನೇ: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕರೆಯುವುದು ಎಂದರೆ ಶವಪರೀಕ್ಷೆಗೆ ಕರೆದಂತೆ, ಪ್ರಯೋಗ ಯಾವುದರಿಂದ ಸತ್ತಿತು ಎಂದಷ್ಟೇ ಅವರು ಹೇಳಬಲ್ಲರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ವಿಧಾನದ ಪಾಠ ದತ್ತಾಂಶಕ್ಕಿಂತ ಮೊದಲು ಬರಬೇಕು. ಹಾಗೆ ಮೊದಲೇ ಬರಲು ನನಗೆ ತಿಳಿದ ದಾರಿ ಕೋರ್ಸ್‌ವರ್ಕ್ ಒಂದೇ.

ಇದು ನನ್ನೊಬ್ಬರ ಕಥೆಯೂ ಅಲ್ಲ. 2015ರಲ್ಲಿ ಮನೋವಿಜ್ಞಾನದ ದೊಡ್ಡ ತಂಡವೊಂದು ಹೆಸರಾಂತ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97 ಶೇಕಡಾ ಅಧ್ಯಯನಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವಾದ, ಅಂದರೆ ಬರೀ ಆಕಸ್ಮಿಕ ಎನ್ನಲಾಗದ ಫಲಿತಾಂಶ ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ತೋರಿಸಿದ್ದು 36 ಶೇಕಡಾ ಮಾತ್ರ. ಅವರೆಲ್ಲ ಸುಳ್ಳು ಬರೆದವರಲ್ಲ. ಚಿಕ್ಕ ಮಾದರಿ, ಫಲಿತಾಂಶ ಬರುವವರೆಗೂ ವಿಶ್ಲೇಷಣೆ ಬದಲಿಸುವ ಅಭ್ಯಾಸ, ಬಂದದ್ದನ್ನು ಮಾತ್ರ ಪ್ರಕಟಿಸುವ ರೂಢಿ, ಇವೆಲ್ಲ ಸೇರಿ ಹಾಗಾಗುತ್ತದೆ. ಮೊದಲಿನ ಎರಡನ್ನಾದರೂ ತಪ್ಪಿಸುವುದು ಹೇಗೆ ಎಂದು ತರಗತಿಯಲ್ಲಿ ಕೂತು ಕಲಿಯಬಹುದು.

ಅಂಕಿಸಂಖ್ಯೆ ಇಲ್ಲದ ವಿಷಯಗಳಲ್ಲೂ ಮಾತು ಬೇರೆಯಲ್ಲ. ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವರಿಗೆ ಲಿಪಿ ಓದಲು ಬರಬೇಕು, ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿರುವ ಪಾಠಾಂತರಗಳನ್ನು ತೂಗಲು ಬರಬೇಕು. ಇವನ್ನು ಬಲ್ಲವರ ಪಕ್ಕದಲ್ಲಿ ಕೂತು ಕಲಿಯದೆ ಬೇರೆ ದಾರಿಯಿಲ್ಲ.

ಇದಕ್ಕೆ ಎದುರಾಗಿ ಜರ್ಮನಿಯನ್ನು ತೋರಿಸುವವರಿದ್ದಾರೆ. ಸಂಶೋಧನಾ ಪದವಿಯಾಗಿ ಪಿಎಚ್‌ಡಿ ರೂಪುಗೊಂಡದ್ದೇ ಅಲ್ಲಿ, ಅಲ್ಲಿ ಕೋರ್ಸ್‌ವರ್ಕ್ ಎಲ್ಲಿತ್ತು ಎಂದು ಕೇಳುತ್ತಾರೆ. ನಿಜ, ಅಲ್ಲಿ ಅಭ್ಯರ್ಥಿ, ಮಾರ್ಗದರ್ಶಕ, ಪ್ರಬಂಧ ಇಷ್ಟೇ ಇದ್ದದ್ದು. 1917ರಲ್ಲಿ ಆಕ್ಸ್‌ಫರ್ಡ್ ಡಿ.ಫಿಲ್. ಎಂಬ ಹೆಸರಿನಲ್ಲಿ ಪಿಎಚ್‌ಡಿ ಆರಂಭಿಸಿದಾಗ ಬ್ರಿಟನ್ನಿಗೆ ಬಂದದ್ದೂ ಪ್ರಬಂಧ ಮತ್ತು ವೈವಾ (ಮೌಖಿಕ ಪರೀಕ್ಷೆ) ಮಾತ್ರದ ಮಾದರಿ. 1861ರಲ್ಲಿ ಯೇಲ್‌ನಲ್ಲಿ ಮೊದಲ ಪಿಎಚ್‌ಡಿಗಳನ್ನು ಕೊಟ್ಟ ಅಮೆರಿಕ ಮುಂದೆ ಬೇರೆ ಹಾದಿ ಹಿಡಿಯಿತು: ಒಂದೆರಡು ವರ್ಷ ಕೋರ್ಸು, ಒಂದು ಅರ್ಹತಾ ಪರೀಕ್ಷೆ, ಆಮೇಲೆ ಪ್ರಬಂಧ. ಆದರೆ ಜರ್ಮನಿಯ ಉದಾಹರಣೆ ಕೊಡುವವರು ಅಲ್ಲಿನ ಸೆಮಿನಾರನ್ನು ಮರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್‌ನ ಇತಿಹಾಸಕಾರ ಲಿಯೋಪೋಲ್ಡ್ ಫಾನ್ ರಾಂಕೆ ಕೆಲವೇ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು, ಮೂಲ ದಾಖಲೆಗಳನ್ನು ಮುಂದಿಟ್ಟು, ಇದನ್ನು ಬರೆದವರು ಯಾರು, ಎಷ್ಟು ನಂಬಬಹುದು ಎಂದು ಪರಿಶೀಲಿಸಲು ಕಲಿಸುತ್ತಿದ್ದರು. ಹಾಜರಿ ಪುಸ್ತಕ ಇಲ್ಲದಿದ್ದರೂ ನನ್ನ ಲೆಕ್ಕದಲ್ಲಿ ಅದೇ ಅಪ್ಪಟ ಕೋರ್ಸ್‌ವರ್ಕ್. 2005ರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಸಾಲ್ಸ್‌ಬರ್ಗ್ ತತ್ವಗಳಲ್ಲಿ ಮೊದಲನೆಯದು, ಡಾಕ್ಟರೇಟಿನ ತಿರುಳು ಮೂಲ ಸಂಶೋಧನೆಯಿಂದ ಜ್ಞಾನವನ್ನು ಬೆಳೆಸುವುದು ಎನ್ನುತ್ತದೆ. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋರ್ಸು ಆ ತಿರುಳಿಗೆ ದುಡಿಯಬೇಕು, ಅದರ ಜಾಗದಲ್ಲಿ ತಾನು ಕೂರಬಾರದು.

ಹಾಗಾದರೆ ಒಳ್ಳೆಯ ಕೋರ್ಸು ಹೇಗಿರುತ್ತದೆ? ನನಗೆ ತುಂಬ ಪ್ರಿಯವಾದ ಎರಡು ನಿಜ ಘಟನೆಗಳಿವೆ.

1939, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ. ಜಾರ್ಜ್ ಡಾಂಟ್ಸಿಗ್ ಎಂಬ ಸಂಶೋಧನಾ ವಿದ್ಯಾರ್ಥಿ ಯರ್ಜಿ ನೇಮನ್ ಅವರ ಸಂಖ್ಯಾಶಾಸ್ತ್ರದ ತರಗತಿಗೆ ತಡವಾಗಿ ಬಂದ. ಹಲಗೆಯ ಮೇಲೆ ಎರಡು ಲೆಕ್ಕಗಳಿದ್ದವು. ಹೋಂವರ್ಕ್ ಎಂದುಕೊಂಡು ಬರೆದುಕೊಂಡ. ಕೆಲವು ದಿನಗಳ ನಂತರ, ಈ ಸಲ ಯಾಕೋ ಸ್ವಲ್ಪ ಕಷ್ಟವಾಗಿತ್ತು, ತಡವಾಯಿತು, ಕ್ಷಮಿಸಿ ಎಂದು ಉತ್ತರ ಒಪ್ಪಿಸಿದ. ಸುಮಾರು ಆರು ವಾರ ಕಳೆದು ಒಂದು ಭಾನುವಾರ ಬೆಳಗ್ಗೆ ನೇಮನ್ ಅವನ ಮನೆಯ ಬಾಗಿಲು ತಟ್ಟಿದರು. ಅವು ಹೋಂವರ್ಕ್ ಆಗಿರಲಿಲ್ಲ, ಅಲ್ಲಿಯವರೆಗೆ ಯಾರೂ ಬಿಡಿಸದ ಸಮಸ್ಯೆಗಳಾಗಿದ್ದವು. ಮುಂದೆ ಪ್ರಬಂಧದ ವಿಷಯ ಏನು ಮಾಡಲಿ ಎಂದು ಡಾಂಟ್ಸಿಗ್ ಚಿಂತಿಸಿದಾಗ, ಆ ಎರಡನ್ನೇ ಹೊಲಿದು ಕೊಡು ಸಾಕು ಎಂದರಂತೆ ನೇಮನ್.

ಎರಡನೆಯದು 1951ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ನಡೆದದ್ದು. ಮಾಹಿತಿ ಸಿದ್ಧಾಂತ ಕಲಿಸುತ್ತಿದ್ದ ರಾಬರ್ಟ್ ಫಾನೋ, ಪರೀಕ್ಷೆ ಬರೆಯಿರಿ, ಇಲ್ಲವೇ ಈ ವಿಷಯದ ಮೇಲೆ ಒಂದು ಪ್ರಬಂಧ ಕೊಡಿ ಎಂದು ಆಯ್ಕೆ ಕೊಟ್ಟರು. ಅಕ್ಷರಗಳನ್ನು ಅತಿ ಕಡಿಮೆ ಬಿಟ್‌ಗಳಲ್ಲಿ ಬರೆಯುವ ಸಂಕೇತ ಯಾವುದು ಎಂಬುದು ವಿಷಯ. ತಾವೂ, ಆ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಕೂಡ ಇದಕ್ಕೆ ಪೂರ್ಣ ಉತ್ತರ ಕಂಡಿಲ್ಲ ಎಂಬುದನ್ನು ಫಾನೋ ಹೇಳಿರಲಿಲ್ಲ. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ತಿಂಗಳುಗಟ್ಟಲೆ ಹೆಣಗಿದರು. ಇನ್ನು ಆಗದು, ಪರೀಕ್ಷೆಗೇ ಓದುವುದು ಎಂದು ಕೈಬಿಡುವ ಹೊತ್ತಿಗೆ ಉತ್ತರ ಹೊಳೆಯಿತು. 1952ರಲ್ಲಿ ಪ್ರಕಟವಾದ ಆ ಹಫ್‌ಮನ್ ಸಂಕೇತ ಇಂದು ನಿಮ್ಮ ಫೋನಿನ ಜೆಪೆಗ್ ಚಿತ್ರದಲ್ಲೂ ಇದೆ, ಜಿಪ್ ಕಡತದಲ್ಲೂ ಇದೆ.

ಎಲ್ಲರೂ ಡಾಂಟ್ಸಿಗ್, ಹಫ್‌ಮನ್ ಆಗುವುದಿಲ್ಲ, ಆಗಬೇಕಿಲ್ಲ. ಈ ಎರಡರಲ್ಲೂ ನನ್ನ ಕಣ್ಣು ಹೋಗುವುದು ಅಧ್ಯಾಪಕರ ಕಡೆಗೆ. ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ತರಗತಿಗೆ ತಂದಿದ್ದರು. ಎಂ.ಎ. ಪಾಠಕ್ಕೂ ಪಿಎಚ್‌ಡಿ ಕೋರ್ಸಿಗೂ ಇರಬೇಕಾದ ವ್ಯತ್ಯಾಸ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ಒಂದು ಗೊತ್ತಿರುವುದನ್ನು ಒಪ್ಪಿಸುತ್ತದೆ, ಇನ್ನೊಂದು ಗೊತ್ತಿರುವುದು ಎಲ್ಲಿ ಮುಗಿಯುತ್ತದೆ ಎಂದು ತೋರಿಸುತ್ತದೆ.

ಈಗ ನಡೆಯುತ್ತಿರುವುದೇನು? ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರ ನಿಯಮದಲ್ಲಿ ಕೋರ್ಸ್‌ವರ್ಕನ್ನು ಕಡ್ಡಾಯ ಮಾಡಿತು. 2022ರ ನಿಯಮದ ಪ್ರಕಾರ ಕನಿಷ್ಠ 12 ಕ್ರೆಡಿಟ್ ಬೇಕು, ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಪಾಠವೂ ಅದರಲ್ಲಿ ಸೇರಿರಬೇಕು. ನಿಯಮದಲ್ಲಿ ನನಗೆ ದೋಷ ಕಾಣುವುದಿಲ್ಲ. ದೋಷ ಅದನ್ನು ತುಂಬುವ ರೀತಿಯಲ್ಲಿದೆ, ಮತ್ತು ಅದು ಒಂದು ದೇಶದ ದೋಷವಲ್ಲ. ರಸಾಯನಶಾಸ್ತ್ರದವರನ್ನೂ ಸಾಹಿತ್ಯದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, 'ಸಂಶೋಧನೆ ಎಂದರೇನು', 'ಪ್ರಾಕ್ಕಲ್ಪನೆಯ ವಿಧಗಳು' ಎಂದು ಸ್ಲೈಡ್ ಓದಿ, ಮೂರು ಗಂಟೆಯ ಪರೀಕ್ಷೆಯಲ್ಲಿ ವ್ಯಾಖ್ಯಾನ ಬರೆಸುವುದನ್ನು ನಾನು ನೋಡಿದ್ದೇನೆ. ಅಂಥ ತರಗತಿಯಿಂದ ಹೊರಬಂದವರಿಗೆ ಮಾದರಿ ಆಯ್ಕೆಯ ಎಂಟು ಹೆಸರು ಬಾಯಿಪಾಠ ಬರುತ್ತದೆ. ತಮ್ಮ ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂದು ಕೇಳಿದರೆ ಉತ್ತರವಿಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಫೆಲೋಶಿಪ್ಪಿನ ಗಡಿಯಾರ ಕೋರ್ಸ್‌ವರ್ಕಿನ ಆರು ತಿಂಗಳೂ ಓಡುತ್ತಲೇ ಇರುತ್ತದೆ. 'ಕೋರ್ಸ್‌ವರ್ಕ್ ಬೇಡ' ಎಂಬ ಕೂಗು ಹುಟ್ಟಿದ್ದೂ ಆ ಕೋಣೆಗಳಲ್ಲೇ.

"ರಾಮಾನುಜನ್ ಯಾವ ಕೋರ್ಸು ಮಾಡಿದ್ದರು?" ಎಂದು ಕೇಳುವವರಿಗೂ ಒಂದು ಮಾತು. 1914ರಲ್ಲಿ ಅವರು ಕೇಂಬ್ರಿಜ್‌ಗೆ ಹೋದಾಗ ಅಲ್ಲಿನ ಗಣಿತಜ್ಞರಾದ ಹಾರ್ಡಿ ಮತ್ತು ಲಿಟಲ್‌ವುಡ್ ಎದುರಿಸಿದ್ದು ಇದೇ ಸಂಕಟವನ್ನು. ಕ್ರಮವಾಗಿ ಪಾಠ ಹೇಳಿದರೆ ಅವರ ಸ್ಫೂರ್ತಿಯ ಎಳೆ ಕಡಿದುಹೋದೀತು, ಹೇಳದಿದ್ದರೆ ಆಧುನಿಕ ಗಣಿತದ ಮುಖ್ಯ ಭಾಗಗಳು, ಒಂದು ಪ್ರಮೇಯವನ್ನು ಸಾಧಿಸಿ ತೋರಿಸುವುದು ಎಂದರೇನು ಎಂಬ ಕಲ್ಪನೆ ಸಹಿತ, ತಿಳಿಯದೆ ಉಳಿದಾವು. ಹಾರ್ಡಿ ಎರಡರ ನಡುವೆ ಬಹಳ ನಾಜೂಕಾಗಿ ನಡೆದರು, ಅಷ್ಟಿಷ್ಟು ಕಲಿಸಿದರು, ತಾವೇ ಹೆಚ್ಚು ಕಲಿತೆ ಎಂದರು. ಅಂದರೆ ರಾಮಾನುಜನ್ ಅವರಿಗೂ ಪಾಠ ಬೇಕಿತ್ತು, ಅದು ಅವರಿಗೆಂದೇ ಹೊಂದಿಸಿದ ಪಾಠವಾಗಿತ್ತು. ಪ್ರತಿಯೊಬ್ಬ ಸಂಶೋಧಕರಿಗೂ ಅದೇ ಸಲ್ಲಬೇಕು.

ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಕೋರ್ಸ್‌ವರ್ಕ್ ಇಲ್ಲದ ಪಿಎಚ್‌ಡಿಯಲ್ಲಿ ವಿದ್ಯಾರ್ಥಿಯ ಇಡೀ ಬದುಕು ಒಬ್ಬ ಗೈಡ್ ಕೈಯಲ್ಲಿರುತ್ತದೆ. ಅವರು ಒಳ್ಳೆಯವರಾದರೆ ಸರಿ. ನಿವೃತ್ತರಾದರೆ, ಬೇರೆಡೆಗೆ ಹೋದರೆ, ಮನಸ್ತಾಪ ಬಂದರೆ? ಆ ವಿದ್ಯಾರ್ಥಿಯ ಕೆಲಸ ಏನು, ಎಂಥದು ಎಂದು ಹೇಳಬಲ್ಲ ಎರಡನೆಯ ವ್ಯಕ್ತಿ ಆ ಸಂಸ್ಥೆಯಲ್ಲಿ ಇರುವುದಿಲ್ಲ. ಮೊದಲ ವರ್ಷ ಮೂರ್ನಾಲ್ಕು ಅಧ್ಯಾಪಕರ ತರಗತಿಯಲ್ಲಿ ಕೂತು, ಅವರೆದುರು ಮಾತಾಡಿ, ಜಗಳವಾಡಿ, ಬರೆದು ತೋರಿಸಿದವರಿಗೆ ಆ ನಂತರ ಹೋಗಿ ತಟ್ಟಲು ಮೂರ್ನಾಲ್ಕು ಬಾಗಿಲುಗಳಿರುತ್ತವೆ. ಜೊತೆಗೆ ಓದಿದ ಸಹಪಾಠಿಗಳೂ ಇರುತ್ತಾರೆ. ನಾಲ್ಕೈದು ವರ್ಷದ ಆ ಒಂಟಿತನದಲ್ಲಿ ಎಷ್ಟೋ ಜನ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದನ್ನು ಕಂಡ ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ನನ್ನ ಕೈಗೆ ಬಿಟ್ಟರೆ ವಿಧಾನದ ಒಂದು ಕೋರ್ಸು ಕಡ್ಡಾಯ, ಅದೂ ಆಯಾ ವಿಷಯದವರಿಗೆ ಬೇರೆ ಬೇರೆ. ವಾರಕ್ಕೊಂದು ಸೆಮಿನಾರು, ಅಲ್ಲಿ ಎಲ್ಲರೂ ತಮ್ಮ ಅರೆಬೆಂದ ಕೆಲಸ ತಂದಿಡಬೇಕು. ಉಳಿದ ಕೋರ್ಸುಗಳನ್ನು ವಿದ್ಯಾರ್ಥಿಯೂ ಗೈಡೂ ಸೇರಿ ಆರಿಸಲಿ, ಮೂರನೆಯ ವರ್ಷ ಬೇಕೆನಿಸಿದರೆ ಆಗಲೂ ಬಾಗಿಲು ತೆರೆದಿರಲಿ. ಅಂಕ ಬೇಡ, ಪಾಸು ಅಥವಾ ಮತ್ತೊಮ್ಮೆ ಮಾಡಿ, ಅಷ್ಟೇ. ಪರೀಕ್ಷೆಯ ಬದಲು ಪ್ರತಿಯೊಬ್ಬರೂ ಪ್ರಕಟವಾದ ಒಂದು ಅಧ್ಯಯನ ತೆಗೆದುಕೊಂಡು, ಅದರ ದತ್ತಾಂಶ ಸಿಕ್ಕರೆ ಮೊದಲಿನಿಂದ ಮತ್ತೆ ವಿಶ್ಲೇಷಿಸಿ, ಒಪ್ಪಿಗೆಯಾಗದ ಜಾಗ ಗುರುತಿಸಿ ಬರಲಿ. ನನ್ನ ತರಗತಿಯಲ್ಲಿ ನಾನು ಕೆಲವು ವರ್ಷಗಳಿಂದ ಮಾಡಿಸುತ್ತಿರುವುದು ಇದನ್ನೇ. ಪ್ರಬಂಧದ ಪ್ರಶ್ನೆಯನ್ನೇ ಅಲ್ಲಿಂದ ಎತ್ತಿಕೊಂಡವರಿದ್ದಾರೆ.

ಕೋರ್ಸ್‌ವರ್ಕ್ ಇಲ್ಲದ ಕಡೆ, ಅಥವಾ ಹೆಸರಿಗೆ ಮಾತ್ರ ಇರುವ ಕಡೆ ಸೇರಿದವರು ಏನು ಮಾಡಬೇಕು ಎಂದೂ ಕೇಳುತ್ತಾರೆ. ಪಕ್ಕದ ವಿಭಾಗದ ತರಗತಿಗೆ ಅನುಮತಿ ಕೇಳಿ ಹೋಗಿ ಕೂರಿ. ಒಬ್ಬ ಸಹಪಾಠಿಯನ್ನು ಹುಡುಕಿಕೊಂಡು ವಾರಕ್ಕೊಂದು ಲೇಖನ ಜೊತೆಯಾಗಿ ಓದಿ. ದತ್ತಾಂಶಕ್ಕೆ ಹೊರಡುವ ಮುಂಚೆ, ಹೊರಟ ಮೇಲಲ್ಲ, ವಿಧಾನ ಬಲ್ಲ ಒಬ್ಬರ ಎದುರು ನಿಮ್ಮ ಯೋಜನೆ ಇಟ್ಟು, ಇದರಲ್ಲಿ ನಾನು ಎಣಿಸುತ್ತಿರುವುದು ಏನನ್ನು ಎಂದು ಕೇಳಿ. ಅವರು ಬೇರೆ ಸಂಸ್ಥೆಯವರಾದರೂ ಹಿಂಜರಿಯಬೇಡಿ. ನನ್ನ ಹತ್ತಿರ ಹೀಗೆ ಬರುವವರಿಗಾಗಿ ನಾನು ಶನಿವಾರದ ಮಧ್ಯಾಹ್ನ ಬಿಡುವಿಟ್ಟುಕೊಂಡಿದ್ದೇನೆ.