ತೆಪ್ಪದಲ್ಲಿ ನಾಲ್ಕು ಸೈಕಲ್

ಗಂಗಾವತಿಯಿಂದ ಆನೆಗೊಂದಿಗೆ ಸೈಕಲ್ ಮೇಲೆ ಹೋಗೋಣ ಅಂತ ನಾಲ್ವರು ಗೆಳೆಯರು ಹೊರಟೆವು. ಪಂಪ್ ತರುವ ಮಾತು ಮಾತ್ರ ಯಾರೂ ಎತ್ತಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ದಾರಿ, ಏನಾಗುತ್ತೆ ಬಿಡು ಅನ್ನೋ ಧೈರ್ಯ. ಡಿಸೆಂಬರ್ ಅಲ್ವಾ, ಕೊಯ್ಲು ಮುಗಿದು ಸಂಗಾಪುರದ ಆಚೆ ಭತ್ತದ ರಾಶಿಗಳು ಅರ್ಧ ರಸ್ತೆ ಹಿಡಿದಿದ್ದವು. ತಪ್ಪಿಸೋಕೆ ಹೋಗಿ ನಮ್ಮ ಮಾಸ್ತರು ಪಕ್ಕದ ಮಣ್ಣಿಗಿಳಿದರು, ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು ಚುಚ್ಚಿತು. ಬಿಸಿಲಲ್ಲಿ ಮುಕ್ಕಾಲು ಗಂಟೆ ತಳ್ಳಿಕೊಂಡು ಹೋದ ಮೇಲೆ ಪಂಕ್ಚರ್ ಅಂಗಡಿ ಸಿಕ್ಕಿತು. ಅವನು ಟ್ಯೂಬಿಗೆ ಪ್ಯಾಚ್ ಹಾಕಿದ, ಗಾಳಿ ತುಂಬಿದ, ದುಡ್ಡು ಇಸ್ಕೊಂಡ. ಟಯರ್ ಒಳಗೆ ಒಮ್ಮೆಯೂ ಕೈಯಾಡಿಸಲಿಲ್ಲ. ನಾವೂ ನೋಡಲಿಲ್ಲ.

ಆನೆಗೊಂದಿಯಲ್ಲಿ ಮಂಡಾಳ (ಮಂಡಕ್ಕಿ) ಒಗ್ಗರಣೆ, ಮಿರ್ಚಿ ತಿಂದೆವು. ಸಾಣಾಪುರದ ಕಡೆ ಗುಡಿಸಲು ಹೋಟೆಲುಗಳಲ್ಲಿ ಪ್ಯಾನ್‌ಕೇಕ್ ಮಾಡ್ತಾರಂತೆ, ಮಾಡಲಿ ಪಾಪ. ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಬಿಟ್ಟು ಅದಕ್ಕೆ ಯಾಕೆ ಹೋಗಬೇಕೋ ನನಗೆ ಗೊತ್ತಿಲ್ಲ. ಗಗನ ಮಹಲ್, ರಂಗನಾಥನ ಗುಡಿ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಸಿ ತುಂಗಭದ್ರೆಯ ದಂಡೆಗೆ ಇಳಿದೆವು.

ಅಲ್ಲಿ ಒಬ್ಬರು ದೊಡ್ಡ ತೆಪ್ಪವನ್ನು ಬೋರಲು ಹಾಕಿಕೊಂಡು ಅದರ ಬೆನ್ನಿಗೆ ಡಾಂಬರು ಬಳಿಯುತ್ತಿದ್ದರು. ಬಿದಿರಿನ ಸೀಳು ಹೆಣೆದ ಬುಟ್ಟಿ, ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊಲಿದ ಹೊದಿಕೆ, ಅದರ ಮೇಲೆ ಡಾಂಬರು. ಒಂದು ಕಡೆ ಚೀಲದ ಮೇಲಿನ ಯೂರಿಯಾ ಅನ್ನೋ ಅಕ್ಷರ ಇನ್ನೂ ಕಾಣುತ್ತಿತ್ತು. ಅದರ ಮೇಲೂ ಒಂದು ಸಲ ಬ್ರಷ್ ಎಳೆದರು.

"ಕಾಕಾ, ಮೊದಲು ಇದಕ್ಕೆ ಚರ್ಮ ಹೊದಿಸ್ತಿದ್ರಂತೆ, ಹೌದಾ?" ಅಂದೆ.

"ನಮ್ಮಜ್ಜನ ಕಾಲದಾಗ. ಈಗ ಚರ್ಮ ಯಾರು ಕೊಡ್ತಾರ್ರೀ?"

ಮಾಸ್ತರಿಗೆ ಸುಮ್ನೆ ಇರೋಕಾಗಲ್ಲ. 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಅಂತ ಪೋರ್ಚುಗೀಸಿನವನು ಬಂದಿದ್ದ, ಇದೇ ಹೊಳೆಯಲ್ಲಿ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿ ನೋಡಿದ, ಹದಿನೈದು ಇಪ್ಪತ್ತು ಜನ ಕೂರ್ತಿದ್ದರು, ಬೇಕಾದರೆ ಎತ್ತು, ಕುದುರೆ ಕೂಡ ದಾಟುತ್ತಿದ್ದವು, ಆದರೆ ದೋಣಿ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತೆ ಅಂತ ಬರೆದಿದ್ದಾನೆ ಅಂತ ಒಂದೇ ಉಸಿರಿಗೆ ಹೇಳಿದರು.

ಕಾಕಾ ಬ್ರಷ್ ಕೆಳಗಿಟ್ಟರು. "ತಿರುಗತೈತಿ ಅಂದನಾ? ಹಂಗಾದ್ರ ಅವನು ಕುಂತ ತೆಪ್ಪದಾಗ ಹುಟ್ಟು ಹಾಕಾವ ಹೊಸಬ ಇರಬೇಕು. ಹಿಂದ ಕುಂತು ತಳ್ಳಿದ್ರ ತಿರುಗೇ ತಿರುಗತೈತಿ. ಮುಂದ ಕುಂದ್ರಬೇಕು, ನೀರು ನಮ್ಮ ಕಡೆ ಎಳೀಬೇಕು."

ಹಾಗಾದರೆ ನೆಟ್ಟಗೆ ದಾಟಿಸಿ ತೋರಿಸಿ ಅಂದೆವು. ಸೈಕಲ್ ಬೇಡ, ದಂಡೆಯಲ್ಲಿ ಬಿಡೋಣ ಅಂದರೆ ನಕ್ಕುಬಿಟ್ಟರು. "ಬೈಕೇ ದಾಟಿಸೀವಿ, ಸೈಕಲ್ಲಿಗೇನು?" ನೀರಲ್ಲಿದ್ದ ಇನ್ನೊಂದು ತೆಪ್ಪಕ್ಕೆ ನಾಲ್ಕೂ ಸೈಕಲ್ ಮಲಗಿಸಿ ಲೈಫ್ ಜಾಕೆಟ್ ಕೊಟ್ಟರು. ನಾವು ಅಂಚಿಗೆ ಕುಕ್ಕರಗಾಲಲ್ಲಿ ಕೂತೆವು. ನನ್ನ ಮೊಣಕಾಲಿಗೆ ಪೆಡಲ್, ಕುತ್ತಿಗೆ ಹತ್ತಿರ ಹ್ಯಾಂಡಲ್.

ನಿಜಕ್ಕೂ ತೆಪ್ಪ ತಿರುಗಲಿಲ್ಲ. ಕಾಕಾ ಮುಂದೆ ಮಂಡಿಯೂರಿ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಿದ್ದರು. ಬಂಡೆ ಹತ್ತಿರ ಬಂದಾಗ ತೆಪ್ಪದ ತಳ ಕರಕರ ಅಂದು ಅದರ ಮೇಲೇ ಜಾರಿತು. ಚಪ್ಪಟೆ ತಳ ಅಲ್ವಾ, ಅದಕ್ಕೇ ಈ ಕಲ್ಲಿನ ಹೊಳೆಗೆ ಇದೇ ಸರಿ. ನಡುಹೊಳೆಯಲ್ಲಿ ಯಾರೂ ಮಾತಾಡಲಿಲ್ಲ. ಹುಟ್ಟಿನಿಂದ ತೊಟ್ಟಿಕ್ಕುವ ನೀರು, ಗಾಳಿಗೆ ತಾನೇ ತಿರುಗುತ್ತಿದ್ದ ಒಂದು ಚಕ್ರದ ಟಿಕ್ ಟಿಕ್, ಅಷ್ಟೇ.

ಇಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಈಗ ಕಡೇಬಾಗಿಲು ಕಡೆ ಸೇತುವೆ ಆಗಿದೆ, ತೆಪ್ಪಕ್ಕೆ ಗಿರಾಕಿ ಕಮ್ಮಿ. ಇನ್ನೊಂದು ಭಯ ಮೇಲಿರೋ ತುಂಗಭದ್ರಾ ಡ್ಯಾಮಿನದು. "2024ರಾಗ 19ನೇ ಗೇಟಿನ ಚೈನ್ ಕಟ್ಟಾತಲ್ಲ, ಎಲ್ಲಾ ತೆಪ್ಪ ತಲೀಮ್ಯಾಲೆ ಹೊತ್ತು ಮ್ಯಾಲಕ್ಕ ಒಯ್ದಿವಿ" ಅಂದರು. ಆಗಸ್ಟ್ 10ರ ರಾತ್ರಿ ಅದು. ನಾವು ಗಂಗಾವತಿಯಲ್ಲಿ ಕೂತು ಟಿವಿಯಲ್ಲಿ ನೋಡಿದ್ದೆವು.

ಆಚೆ ದಂಡೆಯ ತಳವಾರಘಟ್ಟದಲ್ಲಿ ಇಳಿದು ಟೀ ಕುಡಿದು, ಒಂದಿಷ್ಟು ಸುತ್ತಾಡಿ ವಾಪಸ್ ಘಟ್ಟಕ್ಕೆ ಬರೋ ಹೊತ್ತಿಗೆ ಮಾಸ್ತರ ಹಿಂದಿನ ಚಕ್ರ ಮತ್ತೆ ಚಪ್ಪಟೆ! ಪಂಕ್ಚರ್ ಹಾಕಿಸುವಾಗ ಟಯರ್ ಒಳಗೆ ಬೆರಳಾಡಿಸಿ ನೋಡಿ ಮಾರಾಯ್ರೇ, ನಿಧಾನಕ್ಕೆ, ಕುಯ್ಯುತ್ತೆ. ಹೊರಗಿನಿಂದ ಮುಳ್ಳು ಕಿತ್ತರೂ ತುದಿ ಮುರಿದು ಒಳಗೇ ಉಳಿದಿರುತ್ತೆ.

ಕಾಕಾ ಅಲ್ಲೇ ಟಯರ್ ಬಿಚ್ಚಿ, ಕರಿ ಹತ್ತಿದ ಉಗುರಲ್ಲಿ ಅಕ್ಕಿಕಾಳಿನಷ್ಟು ಮುಳ್ಳು ಕಿತ್ತು ಮಾಸ್ತರ ಅಂಗೈಗಿಟ್ಟರು. ಟ್ಯೂಬನ್ನು ಹೊಳೆ ನೀರಲ್ಲಿ ಅದ್ದಿದರು, ಗುಳುಗುಳು ಅಂತ ಗುಳ್ಳೆ ಎದ್ದವು.

"ಆಚೆ ದಂಡಿಗೆ ಡಾಂಬರ್ ಐತಿ" ಅಂದರು. "ಹಚ್ಚಲೇನ್ರೀ ಸರ?"