ಆರೆಗಾನ್ ಕಾಡಿನ ದಾರಿಯಲ್ಲಿ ಹಳೆಯ ಚೈನ್‌ಸಾಗಳು

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಿಂದ ಪೆಸಿಫಿಕ್ ಕಡಲಿಗೆ ಹೋಗುವ 26ನೇ ಹೆದ್ದಾರಿ ಹಿಲ್ಸ್‌ಬರೋ ದಾಟಿದ ಮೇಲೆ ಬಯಲು ಬಿಟ್ಟು ಘಟ್ಟ ಏರುತ್ತದೆ. ಎರಡೂ ಬದಿಗೆ ಡಗ್ಲಸ್ ಫರ್ ಮರಗಳು. ನಡುನಡುವೆ ಕಡಿದು ಬೋಳಾದ ಗುಡ್ಡ, ಅದಕ್ಕೆ ತಾಗಿಯೇ ಹೊಸದಾಗಿ ನೆಟ್ಟ ತೋಪು. ಹಿಲ್ಸ್‌ಬರೋದಲ್ಲಿ ನೆಲೆಸಿರುವ ತಮ್ಮ ಕಾರು ಓಡಿಸುತ್ತಿದ್ದ. ಅವನಿಗೆ ಕಡಲು ತೋರಿಸುವ ಆಸೆ, ನನಗೆ ದಾರಿಯಲ್ಲಿರುವ ಎಲ್ಸಿ ಎಂಬ ಪುಟ್ಟ ಊರಿನ ಮೇಲೆ ಕಣ್ಣು.

ಎಲ್ಸಿಯಲ್ಲಿರುವ ಕ್ಯಾಂಪ್ 18 ಎಂಬ ಹೋಟೆಲನ್ನು ದಿಮ್ಮಿಗಳಿಂದಲೇ ಕಟ್ಟಿದ್ದಾರೆ. ಊಟದ ಕೋಣೆಯ ಮೇಲೆ ಹಾದುಹೋಗಿರುವ ಒಂದೇ ತೊಲೆಯ ಉದ್ದ 85 ಅಡಿ. ಅಂಗಳದ ತುಂಬ ಒಂದು ಕಾಲದಲ್ಲಿ ದಿಮ್ಮಿ ಎಳೆಯುತ್ತಿದ್ದ ಉಗಿಯಂತ್ರಗಳು. ಆದರೆ ನಾನು ಅರಸಿ ಬಂದದ್ದು ಅದಕ್ಕಿಂತ ಸಣ್ಣ ಯಂತ್ರಗಳನ್ನು. ಅವು ಸಿಕ್ಕಿದ್ದು ಅಲ್ಲಿಂದ ಮುಂದೆ, ತಮ್ಮನಿಗೆ ಪರಿಚಯವಿದ್ದ ನಿವೃತ್ತ ಮರಕಡಿಯುವವರೊಬ್ಬರ ಶೆಡ್ಡಿನಲ್ಲಿ.

ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಚೈನ್‌ಸಾಗಳು, ಅಂದರೆ ಎಂಜಿನ್ ಬಲದಿಂದ ಸರಪಳಿ ತಿರುಗಿಸಿ ಮರ ಕೊಯ್ಯುವ ಗರಗಸಗಳು. ಮೊದಲು ಕಣ್ಣಿಗೆ ಬಿದ್ದದ್ದು 1949ರ ಹಳದಿ ಮೆಕಲಕ್ 3-25. ತೂಕ 25 ಪೌಂಡ್, ಅಂದರೆ ಸುಮಾರು ಹನ್ನೊಂದು ಕಿಲೋ. ಇಬ್ಬರು ಹಿಡಿಯಬೇಕಿದ್ದ ಯಂತ್ರವನ್ನು ಒಬ್ಬನೇ ಹೊತ್ತು ಕಾಡಿಗೆ ಹೋಗುವಂತೆ ಮಾಡಿದ ಮಾದರಿಗಳಲ್ಲಿ ಅದೂ ಒಂದು. ಇಂಥ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿಯ ಸ್ಥಾಪಕ ರಾಬರ್ಟ್ ಮೆಕಲಕ್ 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲುಗಳನ್ನು ಅರಿಜೋನಾಕ್ಕೆ ಸಾಗಿಸಿ ಮತ್ತೆ ಕಟ್ಟಿಸಿದ.

ಸಂಗ್ರಾಹಕರು ಇವಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಮಾತು ತೆಗೆದಾಗ ಆ ಹಿರಿಯರು ಒಂದು ಗರಗಸದ ಎಂಜಿನ್ ಶುರುಮಾಡುವ ಹಗ್ಗವನ್ನು ನನ್ನ ಕೈಗಿತ್ತು ಎಳೆಯಲು ಹೇಳಿದರು. ಹಗ್ಗ ಬಿಗಿಯಾಗಿ ಎದುರಿಸಿದರೆ ಸಿಲಿಂಡರಿನಲ್ಲಿ ಒತ್ತಡ ಇನ್ನೂ ಉಳಿದಿದೆ ಎಂದು ಅರ್ಥ. ಆಮೇಲೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಬಿಟ್ಟು ಪಿಸ್ಟನ್ನಿನ ಮೈ ತೋರಿಸಿದರು. ಗೀರು ಬಿದ್ದಿದ್ದರೆ ಅರ್ಧ ಬೆಲೆ ಅಲ್ಲೇ ಹೋಯಿತು. ಮೆಗ್ನೀಷಿಯಂ ಕವಚ ಒಡೆದಿದೆಯೇ, ಮೂಲ ಬಣ್ಣ ಉಳಿದಿದೆಯೇ, ಬಿಡಿಭಾಗ ಸಿಗುತ್ತದೆಯೇ ಎಂಬುದೆಲ್ಲ ಆಮೇಲಿನ ಪ್ರಶ್ನೆ. ಅವರು ಇಸವಿಯನ್ನು ಕೇಳಿದ್ದು ಕೊನೆಯಲ್ಲಿ.

ಹಳೆಯದೆಲ್ಲ ದುಬಾರಿ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. 1963ರ ಹೋಮ್‌ಲೈಟ್ ಎಕ್ಸ್‌ಎಲ್-12 ತನ್ನ ಕಾಲಕ್ಕೆ ಹಗುರತನದಲ್ಲಿ ದೊಡ್ಡ ಜಿಗಿತ. ಆದರೆ ಅದನ್ನು ಲೆಕ್ಕವಿಲ್ಲದಷ್ಟು ತಯಾರಿಸಿದ್ದರಿಂದ ನೂರು ಡಾಲರ್ ಒಳಗೇ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದ, ಮರ್ಕ್ಯುರಿ ಎಂಜಿನ್ನಿನ ಡಿಸ್ಟನ್ ಅಷ್ಟು ಇತಿಹಾಸ ಹೊತ್ತಿದ್ದರೂ, ಎತ್ತಲು ಇಬ್ಬರು ಬೇಕಾದ್ದರಿಂದ ಅದನ್ನು ಕೇಳುವವರು ಕಡಿಮೆ. ಅದೇ 123 ಸಿಸಿಯ ಮೆಕಲಕ್ 125 ಚೆನ್ನಾಗಿದ್ದರೆ ಸಾವಿರ ಡಾಲರ್ ದಾಟುತ್ತದೆ. 137 ಸಿಸಿಯ ಸ್ಟಿಲ್ 090ಕ್ಕೆ ಸಂಗ್ರಾಹಕರಷ್ಟೇ ಗಿರಾಕಿಗಳಲ್ಲ. ಭಾರಿ ದಿಮ್ಮಿಯನ್ನು ಕಾಡಿನಲ್ಲೇ ಹಲಗೆಯಾಗಿ ಸೀಳುವವರಿಗೆ ಆ ಬಲ ಇಂದಿಗೂ ಬೇಕು. ನನ್ನ ಮಟ್ಟಿಗೆ ಇದೇ ನಿಜವಾದ ಬೆಲೆ: ಕೊಳ್ಳುವವನಿಗೆ ಅದರಿಂದ ಕೆಲಸವಿದೆ.

ಒಂದು ಗರಗಸದ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲುಗಳಂತೆ ನೆಟ್ಟಗಿದ್ದವು. ಮರವನ್ನು ಗೀರುತ್ತ ಸಾಗುವ ಅಂಥ ಹಲ್ಲುಗಳಿಗೆ ಪದೇ ಪದೇ ಅರ ಹಾಕಬೇಕಿತ್ತು. 1946ರಲ್ಲಿ ಜೋ ಕಾಕ್ಸ್ ಎಂಬ ಮರಕಡಿಯುವವನು ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸಿ ಮರ ಕೊರೆಯುವುದನ್ನು ಕಂಡ. ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಆ ದವಡೆಯ ಆಕಾರವನ್ನೇ ಸರಪಳಿಯ ಹಲ್ಲಿಗೆ ತಂದ. 1947ರಿಂದ ಮಾರಾಟಕ್ಕೆ ಬಂದ ಆ ಸರಪಳಿಯ ರಚನೆಯೇ ಇಂದಿನ ಗರಗಸಗಳಿಗೂ ಆಧಾರ. ನಮ್ಮ ಮಲೆನಾಡಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕೊಯ್ಯುವ ಯಂತ್ರದಲ್ಲಿಯೂ ಅದೇ ಹಲ್ಲು. ಹಳೆಯ ಗೀರುವ ಸರಪಳಿ ಜೊತೆಗಿದ್ದರೆ ಸಂಗ್ರಾಹಕರು ಅದಕ್ಕೆ ಬೇರೆಯೇ ಬೆಲೆ ಕಟ್ಟುತ್ತಾರೆ.

ಅಲ್ಲಿನ ಬಹುಪಾಲು ಯಂತ್ರಗಳಿಗೆ ಚೈನ್ ಬ್ರೇಕ್ ಇರಲಿಲ್ಲ. ಅದು ವ್ಯಾಪಕವಾದದ್ದು 1970ರ ದಶಕದಲ್ಲಿ. ಗರಗಸ ಹಿಮ್ಮುಖವಾಗಿ ಚಿಮ್ಮಿದರೆ ಸರಪಳಿಯನ್ನು ತಡೆಯುವುದು ಏನೂ ಇಲ್ಲ. ಹಾಗಾಗಿ ಕೊಂಡ ದಿನವೇ ಮರಕ್ಕೆ ಹಚ್ಚುವವರಿಗೆ ತಾನು ಮಾರುವುದಿಲ್ಲ ಎಂದು ಹಿರಿಯರು ಖಂಡಿತವಾಗಿ ಹೇಳಿದರು. ನಾನು 3-25ರ ಬೆಲೆ ಕೇಳಿದೆ. ಮಾರಾಟಕ್ಕಿಲ್ಲ ಎಂದರು. ಅಷ್ಟು ಹೊತ್ತಿಗೆ ತಮ್ಮನೇ ಎಕ್ಸ್‌ಎಲ್-12ರ ಹಗ್ಗ ಎಳೆದು ನೋಡುತ್ತಿದ್ದ.